ಕೂಸಿನ ಬೆಚ್ಚು, ವಾರಗಳ ಲೆಕ್ಕ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಹಸುಗೂಸು ಸದ್ದಿಗೆ ಬೆಚ್ಚಿ ಕೈ ಹರಡಿದರೆ, ಹೆದರಿತೆಂದು ದೃಷ್ಟಿ ನೀವಾಳಿಸುವ ಅಜ್ಜಿಯರು ಇಂದಿಗೂ ಉಂಟು. ಆದರೆ ಆ ಬೆಚ್ಚು ಶಿಶುವಿನ ನರಮಂಡಲದ ಕುಶಲವಾರ್ತೆಯೆಂಬುದನ್ನು ವೈದ್ಯಶಾಸ್ತ್ರವು ಅರಿತುಕೊಂಡದ್ದು ಬಹು ನಿಧಾನವಾಗಿ.

1891ರಲ್ಲಿ ಇಂಗ್ಲೆಂಡಿನ ವೈದ್ಯ ಲೂಯಿ ರಾಬಿನ್ಸನ್ನನು, ಆಗತಾನೆ ಹುಟ್ಟಿದ ಶಿಶುಗಳು ಕೋಲನ್ನು ಹಿಡಿದು ಜೋತಾಡಬಲ್ಲವೆಂದು ತೋರಿಸಿದಾಗ, ಅದು ಡಾರ್ವಿನ್ನನ ವಿಕಾಸವಾದಕ್ಕೆ ದೊರೆತ ಸಾಕ್ಷ್ಯವೆನಿಸಿತೇ ಹೊರತು ರೋಗಪರೀಕ್ಷೆಯ ಸಾಧನವೆನಿಸಲಿಲ್ಲ. 1918ರಲ್ಲಿ ಜರ್ಮನಿಯಲ್ಲಿದ್ದ ಮಕ್ಕಳ ವೈದ್ಯ ಅರ್ನ್ಸ್ಟ್ ಮೋರೊ, ದಿಂಬಿನ ಇಕ್ಕೆಲಗಳನ್ನು ತಟ್ಟಿದೊಡನೆ ಕೂಸು ತೋಳುಗಳನ್ನು ಚಾಚಿ, ಬಳಿಕ ಅಪ್ಪಿಕೊಳ್ಳುವಂತೆ ಒಳಗೆಳೆದುಕೊಳ್ಳುವುದನ್ನು ವರ್ಣಿಸಿದನು. ಒಂದೇ ತೋಳು ಚಾಚಿದರೆ ಹೆರಿಗೆಯ ವೇಳೆ ಭುಜದ ನರಕ್ಕೋ ಎಲುಬಿಗೋ ಪೆಟ್ಟಾಗಿರಬಹುದೆಂದೂ, ಆರು ತಿಂಗಳು ಕಳೆದರೂ ಈ ಪರಾವರ್ತಿತ ಪ್ರತಿಕ್ರಿಯೆ ಅಡಗದಿದ್ದರೆ ಮಿದುಳಿನ ಬೆಳವಣಿಗೆಯನ್ನು ಪರೀಕ್ಷಿಸಬೇಕೆಂದೂ ವೈದ್ಯರು ಕ್ರಮೇಣ ಕಂಡುಕೊಂಡರು.

ತಿಂಗಳು ತುಂಬದೆ ಹುಟ್ಟಿದ ಶಿಶುವನ್ನು ಇದೇ ಮಾನದಂಡದಿಂದ ಅಳೆಯುವುದು ನ್ಯಾಯವಲ್ಲ. ಗರ್ಭದ 28ನೆಯ ವಾರದ ಸುಮಾರಿಗೆ ಬೆಚ್ಚುವಿಕೆ ಅರೆಬರೆಯಾಗಿ ಮೂಡುತ್ತದೆ. 32ರ ಹೊತ್ತಿಗೆ ಕೆನ್ನೆ ಸೋಕಿದತ್ತ ಬಾಯಿ ತಿರುಗುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಒಂದು ಲಯಕ್ಕೆ ಬರುವುದು 34ನೆಯ ವಾರದ ಆಸುಪಾಸಿನಲ್ಲಿ. ಆದಕಾರಣ 30 ವಾರಕ್ಕೆ ಹುಟ್ಟಿದ ಮಗು ಮೊಲೆ ಚೀಪಲಾರದಿದ್ದರೆ ಅದು ವಯೋಧರ್ಮ. ನವಮಾಸ ತುಂಬಿದ ಮಗು ಚೀಪದಿದ್ದರೆ ಅಪಾಯದ ಮುನ್ಸೂಚನೆ. ಪ್ಯಾರಿಸಿನ ವೈದ್ಯೆ ಸೇಂತ್-ಆನ್ ದಾರ್ಗಾಸ್ಸಿ ಈ ಭೇದವನ್ನು ವಾರವಾರಕ್ಕೂ ಗುರುತಿಸಿದರು; ಲಿಲ್ಲಿ ಮತ್ತು ವಿಕ್ಟರ್ ಡುಬೊವಿಟ್ಜ್ ದಂಪತಿಗಳು 1970ರಲ್ಲಿ ದೇಹಲಕ್ಷಣ, ಭಂಗಿ, ಸ್ನಾಯುಬಿಗಿತಗಳಿಂದ ಗರ್ಭವಯಸ್ಸನ್ನು ಎಣಿಸುವ ಅಂಕಪಟ್ಟಿಯನ್ನು ರಚಿಸಿ, 1981ರಲ್ಲಿ ತಿಂಗಳು ತುಂಬಿದ, ತುಂಬದ ಉಭಯ ಬಗೆಯ ಶಿಶುಗಳ ನರಪರೀಕ್ಷೆಯನ್ನು ಗ್ರಂಥರೂಪಕ್ಕೆ ತಂದರು.

ಅದೇ 1981ರಲ್ಲಿ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನರು ಸೋಲಿಗರ ಸೇವೆಗಾಗಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಆದರೂ ಸೋಲಿಗರ ಹಾಡಿಗಳಾದ ಪೋಡುಗಳಿಗೂ ಹನೂರಿನ ಕಾಡಂಚಿನ ಹಳ್ಳಿಗಳಿಗೂ ತಜ್ಞವೈದ್ಯರು ದೂರವಾದುದರಿಂದ, ಶಿಶುವನ್ನು ಮನೆಯಲ್ಲೇ ಕಂಡು ಪರೀಕ್ಷಿಸುವ ಕಣ್ಣು ಅಗತ್ಯ. 2011ರಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಗೃಹಾಧಾರಿತ ನವಜಾತ ಶಿಶು ಆರೈಕೆಯಲ್ಲಿ ಆ ಕಣ್ಣು ಆಶಾ ಕಾರ್ಯಕರ್ತೆಯದಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಕೆ 3, 7, 14, 21, 28, 42ನೆಯ ದಿನಗಳಂದು ಹೋಗಿ, ಕೂಸಿನ ಕೈಕಾಲು ಜೋತುಬಿದ್ದಿವೆಯೇ, ಅಳು ಕ್ಷೀಣಿಸಿದೆಯೇ, ಹಾಲು ಕುಡಿಯುವುದು ತಗ್ಗಿದೆಯೇ ಎಂದು ನೋಡುತ್ತಾಳೆ.

ಓದುಗರಲ್ಲಿ ಬಿನ್ನಹವಿಷ್ಟೆ: ಮಗುವನ್ನು ಮನೆಯಲ್ಲಿ ಬೆಚ್ಚಿಸಿ ಪರೀಕ್ಷಿಸಬೇಡಿ, ವಾರಗಳ ಲೆಕ್ಕ ತಪ್ಪದಿರಲು ಗರ್ಭಿಣಿಯ ಕೊನೆಯ ಮುಟ್ಟಿನ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ತಪ್ಪದೆ ಬರೆಯಿಸಿ, ಕುಡಿಯುತ್ತಿದ್ದ ಕೂಸು ಕುಡಿಯುವುದನ್ನು ಬಿಟ್ಟರೆ, ನೀವಾಳಿಸುತ್ತ ಕೂರದೆ, ಅಂದೇ ಆಸ್ಪತ್ರೆಗೆ ಒಯ್ಯಿರಿ.