ಬರಿಗಾಲಿನ ಗೆಲುವು

(ಬಾನುಲಿ ಭಾಷಣ)

ಕೊಟ್ಟೂರಿನ ರೈಲುಹಳಿಯ ಪಕ್ಕದ ಬಯಲಿನಲ್ಲಿ, ಚಿಂದಿ ಬಟ್ಟೆಯನ್ನು ಸುತ್ತಿ ಹುರಿಯಿಂದ ಬಿಗಿದು ಮಾಡಿದ ಚೆಂಡನ್ನು ನಾವು ಹುಡುಗರು ಸಂಜೆಯವರೆಗೂ ಒದೆಯುತ್ತಿದ್ದೆವು. ಕಾಲಿಗೆ ಜೋಡಿರಲಿಲ್ಲ. ಜಾಲಿಯ ಮುಳ್ಳು ಎಲ್ಲಿದೆಯೋ ಅಲ್ಲಿಗೆ ಮೈದಾನದ ಎಲ್ಲೆ. ಕಾಲ್ಚೆಂಡಿಗೊಂದು ಸಂಘ, ಆ ಸಂಘಕ್ಕೊಂದು ಚರಿತ್ರೆ ಇರಬಹುದೆಂಬುದು ನಮಗೆ ಹೊಳೆದಿರಲಿಲ್ಲ. ಅದು ಹೊಳೆದದ್ದು ಬಹಳ ವರ್ಷಗಳ ಮೇಲೆ, ದಕ್ಷಿಣ ಅಮೆರಿಕದ ಒಂದು ಸಂಘದ ಕಥೆಯನ್ನು ಓದಿದಾಗ.

ಉರುಗ್ವೆ ಎಂಬುದು ಬೆಂಗಳೂರು ನಗರಕ್ಕಿಂತಲೂ ಕಡಿಮೆ ಜನರಿರುವ ಒಂದು ಪುಟ್ಟ ದೇಶ. ಅದರ ರಾಜಧಾನಿ ಮಾಂಟೆವಿಡಿಯೊ. ಅಲ್ಲಿಯ ರೈಲು ಕಂಪನಿಯ ನೌಕರರು 1891ರಲ್ಲಿ ಒಂದು ಕ್ರಿಕೆಟ್ ಸಂಘವನ್ನು ಕಟ್ಟಿದರು. ಕಾಲಕ್ರಮದಲ್ಲಿ ಕ್ರಿಕೆಟ್ ಮರೆಯಾಗಿ ಫುಟ್‌ಬಾಲ್ ಉಳಿಯಿತು. ಮುಂದೆ ಸಂಘವು ರೈಲು ಕಂಪನಿಯಿಂದ ಬೇರೆಯಾದಾಗ ತಾನು ಬೆಳೆದ ಊರಿನ ಹೆಸರನ್ನೇ ಇಟ್ಟುಕೊಂಡಿತು. ಆ ಹೆಸರು ಪೆನ್ಯರೋಲ್. 1960ರಲ್ಲಿ ದಕ್ಷಿಣ ಅಮೆರಿಕದ ಸಂಘಗಳಿಗೆಂದು ಲಿಬರ್ಟಡೋರೆಸ್ ಕಪ್ ಆರಂಭವಾದಾಗ ಅದನ್ನು ಮೊದಲು ಗೆದ್ದ ಸಂಘ ಇದು. ಒಟ್ಟು ಐದು ಸಲ ಗೆದ್ದಿದೆ. 1961, 1966 ಮತ್ತು 1982ರಲ್ಲಿ ಯೂರೋಪಿನ ಚಾಂಪಿಯನ್ನರನ್ನೂ ಸೋಲಿಸಿತು. 1950ರಲ್ಲಿ ಬ್ರೆಜಿಲ್ಲಿನ ನೆಲದಲ್ಲೇ ಬ್ರೆಜಿಲ್ಲನ್ನು 2–1ರಿಂದ ಸೋಲಿಸಿ ಉರುಗ್ವೆ ವಿಶ್ವಕಪ್ ಗೆದ್ದಿತಷ್ಟೆ. ಆ ಎರಡು ಗೋಲುಗಳನ್ನು ಹೊಡೆದ ಸ್ಕಿಯಾಫಿನೊ, ಗಿಗ್ಗಿಯಾ ಇಬ್ಬರೂ ಪೆನ್ಯರೋಲಿನವರೇ.

ಇದನ್ನು ಓದಿದಾಗ ನನ್ನಲ್ಲೊಂದು ಪ್ರಶ್ನೆ ಹುಟ್ಟಿತು. ರೈಲು ಕೊಟ್ಟೂರಿಗೂ ಬಂದಿತ್ತಲ್ಲ, ಅದರೊಡನೆ ಈ ಚೆಂಡು ಏಕೆ ಬರಲಿಲ್ಲ? ಹುಡುಕುತ್ತ ಹೋದಾಗ ತಿಳಿಯಿತು: ಕನ್ನಡನಾಡಿನ ರಾಜಧಾನಿಯಲ್ಲಿ ಚೆಂಡು ಬೇರೂರಿದ್ದು ರೈಲಿನಿಂದಲ್ಲ, ದಂಡಿನಿಂದ. ಬೆಂಗಳೂರು ದಂಡುಪ್ರದೇಶದಲ್ಲಿ ಬ್ರಿಟಿಷ್ ಸಿಪಾಯಿಗಳು ಆಡುತ್ತಿದ್ದರು. ಸುತ್ತಲಿನ ಮೊಹಲ್ಲಾಗಳ ಹುಡುಗರು ನೋಡಿ ಕಲಿತರು. ಅಲ್ಲಿ ಬೆಳೆದ ತಂಡಗಳಲ್ಲೊಂದು ‘ಬೆಂಗಳೂರು ಮುಸ್ಲಿಮ್ಸ್’.

ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ ಆರಂಭವಾದದ್ದೂ ಪೆನ್ಯರೋಲ್ ಹುಟ್ಟಿದ 1891ರಲ್ಲಿಯೇ. ಅಂದಿನಿಂದ ನಲವತ್ತಕ್ಕೂ ಹೆಚ್ಚು ವರ್ಷ ಆ ಕಪ್ ಭಾರತೀಯರ ಕೈಗೆ ಬರಲಿಲ್ಲ. 1937ರಲ್ಲಿ ಅದನ್ನು ಮೊದಲು ಗೆದ್ದ ಭಾರತೀಯ ತಂಡ ಕಲ್ಕತ್ತೆಯದಲ್ಲ, ಮುಂಬಯಿಯದೂ ಅಲ್ಲ. ನಮ್ಮ ಬೆಂಗಳೂರು ಮುಸ್ಲಿಮ್ಸ್. ಅಂತಿಮ ಪಂದ್ಯದಲ್ಲಿ ಎದುರಾಳಿಯಾಗಿದ್ದುದು 1934ರಿಂದ ಕಲ್ಕತ್ತೆಯ ಲೀಗನ್ನು ಸತತವಾಗಿ ಗೆಲ್ಲುತ್ತಿದ್ದ ಮಹಮ್ಮದನ್ ಸ್ಪೋರ್ಟಿಂಗ್. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. 1948ರಲ್ಲಿ ಮತ್ತೊಮ್ಮೆ ಬಂತು.

ಅದೇ 1948ರಲ್ಲಿ ಸ್ವತಂತ್ರ ಭಾರತದ ತಂಡ ಲಂಡನ್ನಿನ ಒಲಿಂಪಿಕ್ಸ್‌ಗೆ ಹೋಯಿತು. ಬಹುಮಂದಿ ಬರಿಗಾಲಿನಲ್ಲೇ ಆಡಿದರು. ಫ್ರಾನ್ಸಿಗೆ 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ರಾಮನ್. ಎರಡು ಪೆನಾಲ್ಟಿಗಳು ವ್ಯರ್ಥವಾಗದಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತೇನೊ. ತಂಡದಲ್ಲಿದ್ದ ಅಹಮದ್ ಖಾನ್ ಬೆಂಗಳೂರು ಮುಸ್ಲಿಮ್ಸ್‌ನಲ್ಲಿ ಪಳಗಿದವರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಕ್ಕೆ 1–10ರಿಂದ ಸೋತ ಕಹಿಯಲ್ಲಿ ನಮ್ಮ ಪಾಲಿಗೆ ಬಂದ ಆ ಒಂದು ಗೋಲು ಅವರದೇ. ಬರಿಗಾಲಿನ ಯುಗ ಮುಗಿಯಿತೆಂದು ಸಾರಿದ ಸೋಲು ಅದು.

ಆ ವೇಳೆಗೆ ಅಹಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದ್ದರು. ಅಲ್ಲಿಯ ಮುನ್ಪಂಕ್ತಿಯ ಐವರನ್ನು ವಂಗದ ಜನ ‘ಪಂಚಪಾಂಡವರು’ ಎಂದು ಕರೆದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ. ಇವರಲ್ಲಿ ಧನರಾಜರೂ ಅಹಮದ್ ಖಾನರೂ ಬೆಂಗಳೂರಿನವರು. ಇವರ ಕಾಲದಲ್ಲಿ, 1949ರಿಂದ 1951ರವರೆಗೆ, ಈಸ್ಟ್ ಬೆಂಗಾಲ್ ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡ್ ಗೆದ್ದಿತು. ಪಾಂಡವರು ನಮ್ಮವರು, ಇಂದ್ರಪ್ರಸ್ಥ ಮಾತ್ರ ಅನ್ಯರದು!

ಇಲ್ಲಿ ನನಗೆ ನಮ್ಮ ಸೀಮೆಯೇ ನೆನಪಾಗುತ್ತದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಎಷ್ಟೋ ಹಳ್ಳಿಗಳಲ್ಲಿ ಮಳೆ ಕೈಕೊಟ್ಟರೆ ಜನ ಗುಳೆ ಹೋಗುತ್ತಾರೆ. ನನ್ನೊಡನೆ ಚಿಂದಿಚೆಂಡು ಆಡಿದವರಲ್ಲಿ ಎಲ್ಲರಿಗಿಂತ ಚುರುಕಾದವನೊಬ್ಬ ಹೀಗೆಯೇ ಮನೆಯವರ ಹಿಂದೆ ಹೋದವನು ಮರಳಿ ಶಾಲೆಗೆ ಬರಲಿಲ್ಲ. ಅವನ ಕಾಲಿನ ಚಮತ್ಕಾರ ಅವನಿಗೇ ತಿಳಿದಿತ್ತೋ ಇಲ್ಲವೋ. ಪೆನ್ಯರೋಲಿನ ಹಿರಿಮೆ ಕಪ್ಪುಗಳಲ್ಲಿಯಷ್ಟೇ ಇಲ್ಲ. ಒಂದು ತಲೆಮಾರು ಆಡಿ ದಣಿದಾಗ ಮುಂದಿನ ತಲೆಮಾರಿಗೆ ಅಂಗಳವನ್ನೂ ಅಂಗಿಯನ್ನೂ ಉಳಿಸಿಕೊಟ್ಟದ್ದರಲ್ಲಿದೆ. ಸಂಘವೆಂದರೆ ಅದು.

ಬೆಂಗಳೂರಿನ ಆ ಗೆಲುವುಗಳ ಕಾಲದಲ್ಲಿ ನಮ್ಮ ತಾಲ್ಲೂಕುಗಳು ಮದ್ರಾಸು ಪ್ರಾಂತದಲ್ಲಿದ್ದವು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ. ಆದ್ದರಿಂದ ಆ ಹೆಮ್ಮೆ ನಮ್ಮ ಮನೆಗಳವರೆಗೆ ಬರಲಿಲ್ಲವೆಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅನಂತರದ ಕಥೆಯಾದರೂ ಏನು? 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ನಮ್ಮ ರಾಜ್ಯ ಅದನ್ನು ಮತ್ತೆ ಎತ್ತಿಹಿಡಿದದ್ದು 2023ರಲ್ಲಿ, ಐವತ್ತನಾಲ್ಕು ವರ್ಷಗಳ ಮೇಲೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಮೊದಲ ವರ್ಷವೇ ರಾಷ್ಟ್ರೀಯ ಲೀಗ್ ಗೆದ್ದಿತು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಏರಿತು. ಸಂತೋಷವೇ. ಆದರೆ ಆ ಮೆಟ್ಟಿಲಿನ ಕೆಳಗೆ 1937ರ ಕಲ್ಲೊಂದಿದೆಯೆಂಬುದು ಎಷ್ಟು ಮಂದಿಗೆ ನೆನಪಿದೆ?

ಅಹಮದ್ ಖಾನರು 2017ರಲ್ಲಿ ತೀರಿಕೊಂಡರು. ರೈಲುಹಳಿಯ ಪಕ್ಕದ ಆ ಬಯಲಿಗೆ ಈಗ ಹೋದರೆ ಹುಡುಗರ ಕೈಯಲ್ಲಿ ಅಂಗಡಿಯ ಚೆಂಡು ಕಾಣುತ್ತದೆ. ಕಾಲು ಮಾತ್ರ ಇನ್ನೂ ಕೆಲವರದು ಬರಿದೇ. ಅವರನ್ನು ನಿಲ್ಲಿಸಿ ಹೇಳಬೇಕೆನ್ನಿಸುತ್ತದೆ: ಮಕ್ಕಳೇ, ನಿಮಗೂ ಒಂದು ಚರಿತ್ರೆಯಿದೆ.