ಕಪಾಟಿನಲ್ಲಿ ಕಾಯುವ ಪುಸ್ತಕಗಳು

ದೊಡ್ಡ ಸರಣಿ ಮಳಿಗೆಗಾಗಲಿ ಆನ್‌ಲೈನ್ ಕಂಪನಿಗಾಗಲಿ ಸೇರದೆ, ಮಾಲೀಕರೇ ಗಲ್ಲಾದ ಹಿಂದೆ ಕೂತು ನಡೆಸುವ ಅಂಗಡಿಯನ್ನು ಸ್ವತಂತ್ರ ಪುಸ್ತಕದಂಗಡಿ ಎನ್ನುತ್ತಾರೆ. ಯಾವ ಪುಸ್ತಕ ತರಿಸಬೇಕು, ಯಾವುದನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬುದು ಅಲ್ಲಿ ಒಬ್ಬ ಮನುಷ್ಯನ ತೀರ್ಮಾನ. ಕನ್ನಡದಲ್ಲಿ ಇಂಥ ಅಂಗಡಿಗಳಿಗೆ ಇನ್ನೊಂದು ಲಕ್ಷಣವೂ ಇದೆ. ಪ್ರಕಾಶನ, ಮಾರಾಟ ಎರಡೂ ಬಹಳ ಕಡೆ ಒಂದೇ ಸೂರಿನಡಿ ಬೆಳೆದಿವೆ. ಬೆಂಗಳೂರು ಬಳೇಪೇಟೆಯ ಸಾಹಿತ್ಯ ಭಂಡಾರ, ಗಾಂಧಿ ಬಜಾರಿನ ಅಂಕಿತ ಪುಸ್ತಕ ಇವಕ್ಕೆಲ್ಲ ಪುಸ್ತಕ ಅಚ್ಚು ಹಾಕುವುದೂ ಗೊತ್ತು, ಕೊಳ್ಳಲು ಬಂದವರ ಮುಖವೂ ಗೊತ್ತು.

ಇದು ಹೀಗಾದದ್ದಕ್ಕೆ ಕಾರಣವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕನ್ನಡ ಪುಸ್ತಕಕ್ಕೆ ಮಾರುಕಟ್ಟೆಯೆಂಬುದೇ ಇರಲಿಲ್ಲ. ಗಳಗನಾಥರಂಥ ಹಿರಿಯ ಕಾದಂಬರಿಕಾರರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರುಮಾಡಿದಾಗ ಬೇರೊಂದು ದಾರಿ ಹುಡುಕಿದರು. ಓದುಗರು ಮೊದಲೇ ಚಂದಾ ಕಟ್ಟಬೇಕು, ವರ್ಷದಲ್ಲಿ ಇಂತಿಷ್ಟು ಪುಸ್ತಕ ಅವರ ಮನೆಗೆ ಬರುತ್ತವೆ. ಅಚ್ಚಿಗೆ ಬೇಕಾದ ಹಣ ಓದುಗರಿಂದಲೇ ಬಂದದ್ದರಿಂದ ಹೊಸಬರ ಕೃತಿಯನ್ನು ಪ್ರಕಟಿಸುವ ಧೈರ್ಯ ಮಾಲೆಗೆ ಬಂತು. ಸುಭಾಷ್ ರಸ್ತೆಯ ಅದರ ಕಚೇರಿಯನ್ನು ಧಾರವಾಡದವರು ‘ಅಟ್ಟ’ ಎಂದೇ ಕರೆಯುತ್ತಾರೆ. ಅಟ್ಟ ಹತ್ತಿ ಬಂದ ಬರಹಗಾರರ ಹಸ್ತಪ್ರತಿಗಳನ್ನು ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಓದುತ್ತಿದ್ದರು; ಪುಸ್ತಕ ಕೊಳ್ಳಲು ಬಂದವರು ಹರಟೆಗೆ ಕೂತುಬಿಡುತ್ತಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಆಗ ಅವರಿಗಿನ್ನೂ ಇಪ್ಪತ್ಮೂರು ವರ್ಷ. ಹೆಸರೇ ಕೇಳದ ಹುಡುಗನ ನಾಟಕಕ್ಕೆ ಹಣ ಹಾಕುವುದು ಲಾಭದ ಲೆಕ್ಕದಿಂದ ಆಗುವ ಕೆಲಸವಲ್ಲ. ಓದುಗರ ಗುಂಪೊಂದು ತಮ್ಮ ಮಾತನ್ನು ನಂಬುತ್ತದೆ ಎಂಬ ಭರವಸೆಯಿದ್ದವರಷ್ಟೇ ಅದನ್ನು ಮಾಡಬಲ್ಲರು.

ಪುಸ್ತಕದಂಗಡಿಯ ಬೆಲೆ ಅರಿಯಬೇಕಾದರೆ ಹಣದ ಲೆಕ್ಕವನ್ನೂ ನೋಡಬೇಕು. ಕನ್ನಡದ ಹೊಸ ಪುಸ್ತಕವೊಂದರ ಮೊದಲ ಮುದ್ರಣ ಬಹುಕಾಲ ಸಾವಿರ ಪ್ರತಿ ಇರುತ್ತಿತ್ತು. ಈಗ ಐನೂರಕ್ಕೋ ಅದಕ್ಕಿಂತ ಕಡಿಮೆಗೋ ಇಳಿಯುವುದುಂಟು. ಸರ್ಕಾರದ ಗ್ರಂಥಾಲಯ ಇಲಾಖೆ ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಪುಟದ ಲೆಕ್ಕದಲ್ಲಿ ದರ ಕಟ್ಟಿ ಸಗಟಾಗಿ ಕೊಳ್ಳುವ ಪದ್ಧತಿ ಬೆಳೆದು ಬಂದಿದೆ. ಆ ಖರೀದಿ ವರ್ಷಗಟ್ಟಲೆ ತಡವಾದಾಗ ಸಣ್ಣ ಪ್ರಕಾಶಕರ ಕೈಯಲ್ಲಿ ಉಳಿಯುವ ದಾರಿ ಅಂಗಡಿಯೊಂದೇ. 200 ರೂಪಾಯಿಯ ಪುಸ್ತಕ ಅಂಗಡಿಗೆ ಸಾಮಾನ್ಯವಾಗಿ ಶೇ 30ರಿಂದ 40ರ ರಿಯಾಯಿತಿಯಲ್ಲಿ ಬರುತ್ತದೆ, ಅಂದರೆ ಒಂದು ಪ್ರತಿ ಮಾರಿದರೆ ಅಂಗಡಿಗೆ ಸಿಗುವುದು 60ರಿಂದ 80 ರೂಪಾಯಿ. ಅದರಲ್ಲೇ ಬಾಡಿಗೆ, ಕರೆಂಟು, ಹುಡುಗರ ಸಂಬಳ, ಗಿರಾಕಿಗೆ ಬಿಡುವ ಹತ್ತು ಪರ್ಸೆಂಟು ಎಲ್ಲ ಹೋಗಬೇಕು. ಲೇಖಕರಿಗೆ ಶೇ 10ರ ರೂಢಿಯ ರಾಯಧನ ಹಿಡಿದರೂ ಪ್ರತಿಗೆ 20 ರೂಪಾಯಿ. ಇಷ್ಟು ತೆಳುವಾದ ವ್ಯವಹಾರದಲ್ಲಿ ಎರಡು ವರ್ಷ ಮಾರಾಟವಾಗದ ಕವನ ಸಂಕಲನಕ್ಕೆ ಕಪಾಟಿನಲ್ಲಿ ಜಾಗ ಕೊಡುವುದು ನಿಜಕ್ಕೂ ದೊಡ್ಡ ಉಪಕಾರ. ಆ ಅರ್ಧ ಇಂಚಿನ ಜಾಗಕ್ಕೂ ಬಾಡಿಗೆ ಬೀಳುತ್ತಿರುತ್ತದೆ.

ಓದುಗರಿಗೆ ಆಗುವ ಲಾಭ ಶುರುವಾಗುವುದು ಆ ಜಾಗದಲ್ಲೇ. ತೇಜಸ್ವಿಯವರ ‘ಕರ್ವಾಲೊ’ ಓದಿ ಮುಗಿಸಿದ ಹುಡುಗನೊಬ್ಬ ಅಂಗಡಿಗೆ ಬಂದು “ಇಂಥದ್ದೇ ಇನ್ನೊಂದು ಕೊಡಿ ಸಾರ್” ಅಂದರೆ ತಿಳಿದ ಅಂಗಡಿಯವರು ತೇಜಸ್ವಿಯವರ ಇನ್ನೊಂದು ಪುಸ್ತಕದ ಜೊತೆಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತೆಗೆದು ಮುಂದಿಡುತ್ತಾರೆ. ‘ಕರ್ವಾಲೊ’, ‘ಹಸುರು ಹೊನ್ನು’ ಎರಡರಲ್ಲೂ ಕಾಡಿದೆ, ವಿಜ್ಞಾನವಿದೆ, ನಗುವಿದೆ ಎಂಬುದು ಎರಡನ್ನೂ ಓದಿದವರಿಗೆ ಹೊಳೆಯುವ ಸಂಗತಿ. ಆನ್‌ಲೈನ್ ಅಂಗಡಿ, ಇದನ್ನು ಕೊಂಡವರು ಬೇರೇನು ಕೊಂಡರು ಎಂದು ನೋಡಿ ಸೂಚಿಸುತ್ತದೆ. ಹೆಚ್ಚು ಮಾರಾಟವಾದದ್ದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ, ಉಳಿದದ್ದು ಹಿಂದೆ ಸರಿಯುತ್ತದೆ. ಕನ್ನಡದ ಮಟ್ಟಿಗೆ ತೊಂದರೆ ಇನ್ನೂ ಹೆಚ್ಚು. ಎಷ್ಟೋ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುತ್ತಾರೆ; ಹುಡುಕಿದರೂ ಸಿಗುವುದಿಲ್ಲ. ಸಿಕ್ಕರೂ ಒಳಗಿನ ಒಂದು ಪುಟ ತಿರುವಿ ನೋಡುವ ಹಾಗಿರುವುದಿಲ್ಲ.

ಬೆಂಗಳೂರಿನಲ್ಲಿ ಇಂಥ ಓದುವ ಅಂಗಡಿಯವರ ಮಾತು ಬಂದಾಗಲೆಲ್ಲ ಪ್ರೀಮಿಯರ್ ಬುಕ್‌ಶಾಪಿನ ಟಿ.ಎಸ್. ಶಾನಭಾಗರ ಹೆಸರು ಬರುತ್ತದೆ. ಅವರು ಈ ಕಸುಬು ಕಲಿತದ್ದು ಮುಂಬಯಿಯಲ್ಲಿ, 1948ರಲ್ಲಿ ಸ್ಟ್ರ್ಯಾಂಡ್ ಬುಕ್ ಸ್ಟಾಲ್ ಶುರುಮಾಡಿದ ಸಂಬಂಧಿಕ ಟಿ.ಎನ್. ಶಾನಭಾಗರ ಬಳಿ. 1971ರಲ್ಲಿ ಬೆಂಗಳೂರಿಗೆ ಬಂದು ಚರ್ಚ್ ಸ್ಟ್ರೀಟ್ ಬಳಿ ತೆರೆದ ಅಂಗಡಿ ತೀರ ಇಕ್ಕಟ್ಟಿನದು. ಸೂರಿನವರೆಗೂ ಪುಸ್ತಕದ ರಾಶಿ. ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕು. ಯಾವ ಪುಸ್ತಕ ಕೇಳಿದರೂ ಅದು ಯಾವ ರಾಶಿಯಲ್ಲಿದೆ ಎಂದು ಅವರಿಗೆ ಗೊತ್ತಿರುತ್ತಿತ್ತು. ಬಿಲ್ಲಿನಲ್ಲಿ ಕೇಳದಿದ್ದರೂ ರಿಯಾಯಿತಿ ಬಿಟ್ಟಿರುತ್ತಿದ್ದರು. ಇತಿಹಾಸಕಾರ ರಾಮಚಂದ್ರ ಗುಹಾ ಆ ಅಂಗಡಿಯ ಬಗ್ಗೆ ಪ್ರೀತಿಯಿಂದ ಬರೆದಿದ್ದಾರೆ. 2009ರಲ್ಲಿ ಅದು ಮುಚ್ಚಿತು. ಶಾನಭಾಗರು 2021ರಲ್ಲಿ ತೀರಿಕೊಂಡಾಗ ನಗರದ ಓದುಗರು ಮನೆಯವರನ್ನೇ ಕಳೆದುಕೊಂಡಂತೆ ದುಃಖಪಟ್ಟರು. ಆದರೆ ಚರ್ಚ್ ಸ್ಟ್ರೀಟ್‌ನಲ್ಲಿ ಪುಸ್ತಕದ ವ್ಯಾಪಾರ ನಿಲ್ಲಲಿಲ್ಲ. ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಮಾರುತ್ತಿದ್ದ ಎಂಜಿನಿಯರ್ ಮಾಯಿ ಗೌಡರು ಕಟ್ಟಿದ ಬ್ಲಾಸಂ ಅಂಗಡಿ ಇಂದು ಮಹಡಿಗಟ್ಟಲೆ ಹರಡಿಕೊಂಡಿದೆ. ಹಳೆ ಪುಸ್ತಕಕ್ಕೆ ನ್ಯಾಯವಾದ ಬೆಲೆ ಸಿಗುವ ಕಡೆ ಕಾಲೇಜು ಹುಡುಗರೂ ಕೊಳ್ಳುವ ಓದುಗರಾಗುತ್ತಾರೆ ಎಂಬುದಕ್ಕೆ ಈ ಬೀದಿಯೇ ಸಾಕ್ಷಿ.

ಬರಹಗಾರರ ಕಡೆಯಿಂದ ನೋಡಿದರೆ ಅಂಗಡಿಯ ಅಗತ್ಯ ಎಲ್ಲರಿಗೂ ಒಂದೇ ಮಟ್ಟದ್ದಲ್ಲ. ಎಸ್.ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಬಿಡುಗಡೆಗೆ ಮೊದಲೇ ಖಾಲಿಯಾಗಿತ್ತು. ಅಂಥ ಹೆಸರಿಗೆ ಯಾರ ಶಿಫಾರಸೂ ಬೇಡ. ಬೇಕಾಗಿರುವುದು ಮೊದಲ ಕಥಾಸಂಕಲನ ತಂದವರಿಗೆ, ಸಣ್ಣ ಊರಿನ ಪ್ರಕಾಶಕರಿಗೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಲೋಕದ ಹಲವು ಭಾಷೆಗಳಿಗೆ ಹೋಗುವ ಮುನ್ನ, 2013ರಲ್ಲಿ, ಸಾಗರ ತಾಲ್ಲೂಕಿನ ಹೆಗ್ಗೋಡು ಎಂಬ ಹಳ್ಳಿಯ ಅಕ್ಷರ ಪ್ರಕಾಶನದಿಂದ ಬಂದ ಕನ್ನಡ ಪುಸ್ತಕ. ಅಂಥ ಕಡೆ ದೊಡ್ಡ ಜಾಹೀರಾತಿನ ಹಣವಿರುವುದಿಲ್ಲ. ಓದಿದ ಅಂಗಡಿಯವರು ಗಲ್ಲಾದ ಪಕ್ಕ ನಾಲ್ಕು ಪ್ರತಿ ಇಟ್ಟುಕೊಂಡು ಕೇಳಿದವರಿಗೆಲ್ಲ ಹೇಳುವುದೇ ಪ್ರಚಾರ. ಮಾರಾಟವಾದ ಮೇಲೆ ಲೆಕ್ಕ ಎಂಬ ಒಪ್ಪಂದದಲ್ಲಿ ಹೊಸ ಕವಿಯಿಂದ ಹತ್ತು ಪ್ರತಿ ಇಸಿದುಕೊಳ್ಳುವುದು, ಅದು ಖಾಲಿಯಾದಾಗ ಫೋನು ಮಾಡಿ ಇನ್ನು ಹತ್ತು ಕಳಿಸಿ ಎನ್ನುವುದು, ಯಾವ ಹಳೆಯ ಪುಸ್ತಕವನ್ನು ಜನ ಕೇಳಿ ಕೇಳಿ ಬರಿಗೈಯಲ್ಲಿ ಹೋಗುತ್ತಿದ್ದಾರೆ ಎಂದು ಪ್ರಕಾಶಕರಿಗೆ ತಿಳಿಸಿ ಮರುಮುದ್ರಣ ಮಾಡಿಸುವುದು ಇವೆಲ್ಲ ಯಾವ ದಾಖಲೆಯಲ್ಲೂ ಕಾಣದ ಕೆಲಸ. ಬಿಡುಗಡೆ ಸಮಾರಂಭಗಳಿಗೂ ಅಂಗಡಿಯೇ ಜಾಗವಾಗುತ್ತದೆ. 2012ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಶುರುವಾದ ಅಟ್ಟ ಗಲಾಟ್ಟ ಎಂಬ ಅಂಗಡಿ ಭಾರತೀಯ ಭಾಷೆಗಳ ಪುಸ್ತಕಗಳ ಜೊತೆಗೆ ಕವಿತೆ ಓದು, ನಾಟಕ, ಮಕ್ಕಳಿಗೆ ಕಥೆ ಹೇಳುವುದು ಎಲ್ಲಕ್ಕೂ ಜಾಗ ಮಾಡಿಕೊಟ್ಟು ನಗರದಲ್ಲಿ ಹೆಸರು ಮಾಡಿತು.

ರಾಜಧಾನಿ ಬಿಟ್ಟು ತಾಲ್ಲೂಕು ಕೇಂದ್ರಗಳಿಗೆ ಹೋದರೆ ಚಿತ್ರ ಬೇರೆ. ಅಲ್ಲಿ ‘ಬುಕ್ ಸ್ಟಾಲ್’ ಎಂಬ ಬೋರ್ಡಿನ ಅಂಗಡಿ ನಡೆಯುವುದು ನೋಟ್‌ಬುಕ್ಕು, ಪಠ್ಯಪುಸ್ತಕ, ಗೈಡುಗಳಿಂದ. ಜೂನ್‌ ತಿಂಗಳ ವ್ಯಾಪಾರವೇ ವರ್ಷವನ್ನು ದಾಟಿಸುತ್ತದೆ. ಅಲ್ಲಿ ಒಂದು ಮೂಲೆಯ ಕಪಾಟಿನಲ್ಲಿ ಕುವೆಂಪು, ಕಾರಂತ, ತ್ರಿವೇಣಿ ಇದ್ದರೆ ಅದು ಮಾಲೀಕರ ಅಭಿಮಾನದಿಂದ. ಕನ್ನಡ ಓದಿನ ಭವಿಷ್ಯ ಬಹುಮಟ್ಟಿಗೆ ನಿಂತಿರುವುದು ಇಂಥ ಒಂದೊಂದು ಕಪಾಟಿನ ಮೇಲೆ, ಏಕೆಂದರೆ ದೊಡ್ಡ ಊರಿನ ಮಳಿಗೆಗೆ ಹೋಗಲಾರದ ಹೈಸ್ಕೂಲು ಹುಡುಗಿಗೆ ಮೊದಲ ಕಾದಂಬರಿ ಸಿಗುವುದು ಅಲ್ಲಿ.

ಆನ್‌ಲೈನ್ ಮಾರಾಟದಿಂದ ಒಳ್ಳೆಯದಾಗಿಲ್ಲ ಎನ್ನಲಾಗದು. ಅಂಗಡಿಯೇ ಇಲ್ಲದ ಊರಿಗೂ, ದುಬೈ, ಅಮೆರಿಕದ ಕನ್ನಡಿಗರಿಗೂ ಪುಸ್ತಕ ತಲುಪುತ್ತಿದೆ. ಎಷ್ಟೋ ಸಣ್ಣ ಅಂಗಡಿಗಳೇ ವಾಟ್ಸ್‌ಆ್ಯಪಿನಲ್ಲಿ ಆರ್ಡರ್ ತೆಗೆದುಕೊಂಡು ಕೊರಿಯರ್ ಮಾಡುತ್ತವೆ. ತೊಂದರೆ ಇರುವುದು ದೊಡ್ಡ ಆನ್‌ಲೈನ್ ಕಂಪನಿಗಳು ನಷ್ಟಕ್ಕೂ ಅಂಜದೆ ಕೊಡುವ ರಿಯಾಯಿತಿಯಲ್ಲಿ. ಫ್ರಾನ್ಸ್ 1981ರಲ್ಲೇ ಕಾನೂನು ತಂದು, ಪ್ರಕಾಶಕರು ಮುದ್ರಿಸಿದ ಬೆಲೆಯ ಮೇಲೆ ಶೇ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡದಂತೆ ಮಾಡಿತು. ಗ್ರಂಥಾಲಯಗಳಿಗೆ ಕೊಡುವ ರಿಯಾಯಿತಿಗೂ ಆಮೇಲೆ ಶೇ 9ರ ಮಿತಿ ಹಾಕಿತು. ಅಲ್ಲಿ ಊರಿನ ಗ್ರಂಥಾಲಯ ಊರಿನ ಅಂಗಡಿಯಲ್ಲೇ ಕೊಂಡರೆ ನಷ್ಟವಿಲ್ಲ. ಭಾರತದಲ್ಲಿ ಅಂಥ ಕಾನೂನಿಲ್ಲ. 2018ರಲ್ಲಿ ಮುಂಬಯಿಯ ಸ್ಟ್ರ್ಯಾಂಡ್ ಕೂಡ ಎಪ್ಪತ್ತು ವರ್ಷ ತುಂಬುವ ಹೊತ್ತಿಗೆ ಬಾಗಿಲು ಹಾಕಿತು.

ಕರ್ನಾಟಕದಲ್ಲಿ ಕಾನೂನಿಗೆ ಕಾಯದೆಯೂ ಮಾಡಬಹುದಾದ ಕೆಲಸವೊಂದಿದೆ. ರಾಜ್ಯದಲ್ಲಿ 5 ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಶಾಲಾ ಕಾಲೇಜುಗಳ ಗ್ರಂಥಾಲಯಗಳು ಬೇರೆ. ಇವುಗಳ ಖರೀದಿಯ ಒಂದು ಪಾಲು ತಾಲ್ಲೂಕಿನ ಅಂಗಡಿಗಳ ಮೂಲಕ ನಡೆದು, ಹಣ ಸಕಾಲಕ್ಕೆ ಸಂದಾಯವಾದರೆ, ಗೈಡುಗಳ ನಡುವಿನ ಆ ಒಂದು ಕಪಾಟು ಎರಡಾಗುತ್ತದೆ. ಮಕ್ಕಳಿಗೆ ಬೇಕಾದ ಪುಸ್ತಕ ಯಾವುದೆಂದು ಆ ಊರಿನ ಅಂಗಡಿಯವರಿಗೂ ಮೇಷ್ಟರಿಗೂ ಗೊತ್ತಿರುತ್ತದೆ. ಪಟ್ಟಿ ತಯಾರಿಸುವಾಗ ಅವರನ್ನೂ ಕೇಳಬೇಕು.