ಮನೆಯ ತೊಟ್ಟಿಯಲ್ಲಿ ಕಡಲ ಮೀನುಗಳೇಕೆ ಸಾಯುತ್ತವೆ?

ಸುಳ್ಯದಿಂದ ಮಡಿಕೇರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಸಂಪಾಜೆಗೆ ಮೊದಲು, ಅರಂತೋಡು ಎಂಬ ಊರು ಸಿಗುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರು ಒಳಗೆ ತೊಡಿಕಾನದ ಮಲ್ಲಿಕಾರ್ಜುನ ದೇವಾಲಯವಿದೆ. ಅದರ ಸಮೀಪದ ಹೊಳೆಯಲ್ಲಿ ಮತ್ಸ್ಯತೀರ್ಥವೆಂದು ಹೆಸರಾದ ಮಡುವೊಂದುಂಟು. ಅಲ್ಲಿನ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಅವು ದೇವರ ಮೀನುಗಳು. ಯಾತ್ರಿಕರು ಅಕ್ಕಿಯನ್ನು ಎರಚಿದೊಡನೆ ನೂರಾರು ಮೀನುಗಳು ಒಂದರ ಮೇಲೊಂದು ಬಿದ್ದು, ನೀರು ಕುದಿಯುತ್ತಿದೆಯೋ ಎಂಬಂತೆ ಮೇಲೇಳುತ್ತವೆ. ಅಷ್ಟು ಕಿರಿದಾದ ಎಡೆಯಲ್ಲಿ, ಅಷ್ಟೊಂದು ದಟ್ಟಣೆಯಲ್ಲಿ ಅವು ಬಾಳುತ್ತಿವೆ.

ಈಗ ಅದೇ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಜಗಲಿಯಲ್ಲಿ ನೂರು ಲೀಟರು ಹಿಡಿಯುವ ಗಾಜಿನ ತೊಟ್ಟಿಯಿದೆ. ಅದರಲ್ಲಿ ಉಪ್ಪುನೀರು, ಮರಳು, ಹವಳದ ದಿಬ್ಬವನ್ನು ಹೋಲುವ ಬಂಡೆ, ಒಂದು ಸಿಗಡಿ, ಎರಡು ಬಸವನಹುಳು. ಜೊತೆಗೆ ಕಿತ್ತಳೆ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ ಎರಡು ಕ್ಲೌನ್ ಮೀನುಗಳು, ಎರಡು ನೀಲಿ ಡ್ಯಾಮ್ಸೆಲ್ ಮೀನುಗಳು. ಮೂರು ವಾರಗಳಲ್ಲಿ ಎರಡು ಮೀನುಗಳು ಸಾಯುತ್ತವೆ. ಮನೆಯವರು ಪೇಟೆಯಿಂದ ಬೇರೆ ಎರಡನ್ನು ತಂದು ಬಿಡುತ್ತಾರೆ. ತಿಂಗಳೊಳಗೆ ಅವೂ ಸಾಯುತ್ತವೆ. ಮತ್ತೆ ತರುತ್ತಾರೆ, ಮತ್ತೆ ಸಾಯುತ್ತವೆ. ಕೊನೆಗೆ ಒಬ್ಬರು ಅಂಗಡಿಯವನನ್ನು ದೂರುತ್ತಾರೆ, ಇನ್ನೊಬ್ಬರು ತಮ್ಮ ಕೈಗುಣವನ್ನು ಹಳಿದುಕೊಳ್ಳುತ್ತಾರೆ.

ನೂರಾರು ಮೀನುಗಳು ಬಾಳುವ ಊರಿನಲ್ಲಿ ನಾಲ್ಕು ಮೀನುಗಳು ಬಾಳಲಾರವೇಕೆ? ಇದು ಕೈಗುಣದ ಮಾತಲ್ಲ. ಪ್ರತಿಯೊಂದು ಸಾವಿಗೂ ಕಾರಣವುಂಟು. ಯಾವ ಜೀವಿ ಮೊದಲು ಸತ್ತಿತು, ತಂದ ಎಷ್ಟು ದಿನಗಳಿಗೆ ಸತ್ತಿತು, ಹಗಲೋ ಇರುಳೋ ಎಂಬುದನ್ನು ಗಮನಿಸಿದರೆ ಆ ಕಾರಣವು ತಾನಾಗಿಯೇ ಹೊರಬೀಳುತ್ತದೆ.

ಹೊಳೆ ಮತ್ತು ತೊಟ್ಟಿ

ಗಾಜಿನ ಪಾತ್ರೆಯಲ್ಲಿ ಜಲಜೀವಿಗಳನ್ನು ಬಹುಕಾಲ ಬಾಳಿಸಬಹುದೆಂಬುದನ್ನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ೧೮೫೦ರಲ್ಲಿ ತೋರಿಸಿದನು. ಮೀನು, ನೀರಿನ ಗಿಡ, ಬಸವನಹುಳು ಈ ಮೂರನ್ನೂ ಒಟ್ಟಿಗೆ ಇರಿಸಿ, ಒಂದರ ಕಸವು ಇನ್ನೊಂದಕ್ಕೆ ಆಹಾರವಾಗುವಂತೆ ಅವನು ಏರ್ಪಡಿಸಿದ್ದನು. ೧೮೫೪ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗವಿಜ್ಞಾನಿಯ ಪುಸ್ತಕದ ಮೂಲಕ ‘ಅಕ್ವೇರಿಯಂ’ ಎಂಬ ಹೆಸರು ಜನರ ಬಾಯಲ್ಲಿ ನೆಲೆಯೂರಿತು. ತೊಟ್ಟಿಯೊಳಗಿನ ಕಸದ ಲೆಕ್ಕವು ಸರಿಹೋಗಬೇಕೆಂಬ ಅವರ ತತ್ತ್ವವು ಇಂದಿಗೂ ಹಳತಾಗಿಲ್ಲ.

ಮೀನು ತನ್ನ ದೇಹದ ಸಾರಜನಕದ ಕಸವನ್ನು ಬಹುಪಾಲು ಅಮೋನಿಯದ ರೂಪದಲ್ಲಿ ಕಿವಿರುಗಳ ಮೂಲಕ ಹೊರಹಾಕುತ್ತದೆ. ತೊಡಿಕಾನದ ಮಡುವಿನಲ್ಲಿ ಹರಿಯುವ ನೀರು ಅದನ್ನು ಆಗಿಂದಾಗಲೇ ಕೊಚ್ಚಿಕೊಂಡು ಹೋಗುತ್ತದೆ. ತೊಟ್ಟಿಯಲ್ಲಿ ಅದು ಹೋಗುವುದೆಲ್ಲಿಗೆ? ಅಲ್ಲಿ ನಮಗೆ ನೆರವಾಗುವವು ಬ್ಯಾಕ್ಟೀರಿಯಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ರಷ್ಯದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ೧೮೯೦ರ ಸುಮಾರಿಗೆ ಮಣ್ಣಿನಲ್ಲಿ ಇಂತಹ ಬ್ಯಾಕ್ಟೀರಿಯಗಳನ್ನು ಪ್ರತ್ಯೇಕಿಸಿದನು. ಮೊದಲಿನ ಎರಡು ವಸ್ತುಗಳಿಗೆ ಹೋಲಿಸಿದರೆ ನೈಟ್ರೇಟಿನ ವಿಷ ಬಹಳ ಕಡಿಮೆ; ಆಗಾಗ ಸ್ವಲ್ಪ ನೀರನ್ನು ಬದಲಿಸಿ ಅದನ್ನು ಹೊರಹಾಕಬಹುದು.

ಈ ಬ್ಯಾಕ್ಟೀರಿಯಗಳು ಬಂಡೆ, ಮರಳು ಮತ್ತು ಸೋಸುಕಗಳ ಮೇಲ್ಮೈಯಲ್ಲಿ ನೆಲೆಸಿ ಸಾಕಷ್ಟು ಹೆಚ್ಚಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಹೊಸ ತೊಟ್ಟಿಗೆ ಮೊದಲ ದಿನವೇ ಮೀನು ಬಿಟ್ಟರೆ ಅದು ತನ್ನ ಕಸದಲ್ಲಿಯೇ ಮುಳುಗುತ್ತದೆ. ಇನ್ನೊಂದು ಅಪಾಯವೂ ಉಂಟು. ಮೀನು ಸತ್ತಾಗಲೆಲ್ಲ ಮನೆಯವರು ನೀರನ್ನು ಪೂರ್ತಿ ಚೆಲ್ಲಿ, ಬಂಡೆಗಳನ್ನು ತಿಕ್ಕಿ ತೊಳೆದು, ಎಲ್ಲವನ್ನೂ ಹೊಸದಾಗಿ ಹೂಡುತ್ತಾರೆ. ಕೊಳೆಯೊಡನೆ ಬ್ಯಾಕ್ಟೀರಿಯಗಳೂ ಹೋಗುತ್ತವೆ. ಶುಚಿತ್ವದ ಈ ಅತ್ಯಾಸಕ್ತಿಯೇ ಮುಂದಿನ ಸಾವನ್ನು ಕರೆತರುತ್ತದೆ.

ಸಿಹಿನೀರಿನ ಮೀನಿಗಿಂತ ಕಡಲ ಮೀನಿಗೆ ಈ ಅಪಾಯವು ಹೆಚ್ಚು. ನೀರು ಕ್ಷಾರೀಯವಾದಷ್ಟೂ ಅಮೋನಿಯದ ವಿಷಕಾರಿ ರೂಪದ ಪಾಲು ಏರುತ್ತದೆ. ಕಡಲ ನೀರಿನ ಪಿ.ಹೆಚ್. ಮಾನವು ಸುಮಾರು ೮.೧ರಿಂದ ೮.೨, ತಟಸ್ಥವಾದ ಹೊಳೆಯ ನೀರಿನದು ೭. ಒಟ್ಟು ಅಮೋನಿಯವು ಅಷ್ಟೇ ಇದ್ದರೂ, ಕಡಲ ತೊಟ್ಟಿಯಲ್ಲಿ ವಿಷದ ಪಾಲು ಹತ್ತು ಪಟ್ಟಿಗೂ ಮಿಗಿಲಾಗುತ್ತದೆ.

ಉಪ್ಪಿನ ಲೆಕ್ಕ, ಉಸಿರಿನ ಲೆಕ್ಕ

ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುತ್ತವೆ. ಅಡುಗೆಯ ಉಪ್ಪನ್ನು ಬಾವಿಯ ನೀರಿನಲ್ಲಿ ಕದಡಿದ ಮಾತ್ರಕ್ಕೆ ಕಡಲ ನೀರಾಗದು. ಮೆಗ್ನೀಷಿಯಂ, ಕ್ಯಾಲ್ಸಿಯಂ, ಸಲ್ಫೇಟ್, ಬೈಕಾರ್ಬೋನೇಟ್ ಇವೆಲ್ಲವೂ ತಕ್ಕ ಪ್ರಮಾಣದಲ್ಲಿರಬೇಕು. ಅದಕ್ಕೆಂದೇ ತಯಾರಿಸಿದ ಲವಣಮಿಶ್ರಣವನ್ನು ಬಳಸಬೇಕು. ಮಳೆಗಾಲದಲ್ಲಿ ಅಳಿವೆಯ ಬಳಿ ತುಂಬಿ ತಂದ ನೀರೂ ಆಗದು. ಅದರಲ್ಲಿ ಹೊಳೆಯ ನೀರೂ ಕೆಸರೂ ಬೆರೆತಿರುತ್ತವೆ.

ಕಡಲ ಮೀನಿನ ದೇಹದ್ರವದಲ್ಲಿ ಲವಣವು ಕಡಲ ನೀರಿನ ಮೂರನೆಯ ಒಂದು ಪಾಲಿನಷ್ಟು ಮಾತ್ರ ಇರುತ್ತದೆ. ಆದ್ದರಿಂದ ಅದರ ಮೈಯಿಂದ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಆ ನಷ್ಟವನ್ನು ತುಂಬಿಕೊಳ್ಳಲು ಮೀನು ಕಡಲ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರುಗಳಿಂದ ಹೊರದೂಡುತ್ತದೆ. ನೀರಿನ ಉಪ್ಪು ಒಮ್ಮೆಲೇ ಏರಿದರೆ ಅಥವಾ ಇಳಿದರೆ ಈ ಏರ್ಪಾಡು ಕುಸಿಯುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಬೇಸಗೆಯಲ್ಲಿ ನೂರು ಲೀಟರಿನ ತೊಟ್ಟಿಯಿಂದ ಹತ್ತು ಲೀಟರು ಆವಿಯಾಗಿ ಹೋದರೆ ಲೀಟರಿಗೆ ೩೫ ಗ್ರಾಂ ಇದ್ದ ಲವಣವು ಸುಮಾರು ೩೯ ಗ್ರಾಂಗೆ ಏರುತ್ತದೆ. ಆ ಕೊರತೆಯನ್ನು ಉಪ್ಪುನೀರಿನಿಂದಲ್ಲ, ಸಿಹಿನೀರಿನಿಂದ, ದಿನದಿನವೂ ತುಂಬಬೇಕು.

ಇನ್ನು ಉಸಿರು. ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ಸಿಹಿನೀರಿನಲ್ಲಿ ೮ ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಕರಗಬಲ್ಲುದು. ಕಡಲ ನೀರಿನಲ್ಲಿ ೭ ಮಿಲಿಗ್ರಾಂಗಿಂತಲೂ ಕಡಿಮೆ. ೩೦ ಡಿಗ್ರಿಯಲ್ಲಿ ಅದು ೬ರ ಸಮೀಪಕ್ಕೆ ಇಳಿಯುತ್ತದೆ. ಘಟ್ಟದ ತಪ್ಪಲಿನ ಮಳೆಗಾಲದಲ್ಲಿ ಮರ ಉರುಳಿ ವಿದ್ಯುತ್ತು ನಿಲ್ಲುವುದು ಅಪರೂಪವಲ್ಲ. ಪಂಪು ನಿಂತರೆ ನೀರಿನ ಮೇಲ್ಮೈ ಕದಡುವುದಿಲ್ಲ. ಇರುಳೆಲ್ಲ ಉಸಿರಾಡಿದ ಜೀವಿಗಳಿಗೆ ಬೆಳಗಿನ ಜಾವದ ಹೊತ್ತಿಗೆ ಆಮ್ಲಜನಕ ಸಾಲದಾಗುತ್ತದೆ. ಬ್ಯಾಟರಿಯಿಂದ ನಡೆಯುವ ಚಿಕ್ಕದೊಂದು ಗಾಳಿಪಂಪು ಇಲ್ಲಿ ಪ್ರಾಣರಕ್ಷಕ.

ಮರಳಿ ಬರುವ ಬಿಳಿಯ ಚುಕ್ಕೆ

ನೀರು ಸರಿಯಿದ್ದೂ ಮೀನುಗಳು ತಂಡತಂಡವಾಗಿ ಸಾಯುತ್ತಿದ್ದರೆ ಪರೋಪಜೀವಿಯನ್ನು ಶಂಕಿಸಬೇಕು. ಕ್ರಿಪ್ಟೊಕ್ಯಾರಿಯಾನ್ ಎಂಬ ಏಕಕೋಶ ಜೀವಿಯು ಕಡಲ ಮೀನಿನ ಚರ್ಮ ಮತ್ತು ಕಿವಿರುಗಳಲ್ಲಿ ಸೇರಿಕೊಂಡು, ಮೈಮೇಲೆ ಉಪ್ಪಿನ ಹರಳು ಸಿಡಿದಂತೆ ಬಿಳಿಯ ಚುಕ್ಕೆಗಳನ್ನು ಮೂಡಿಸುತ್ತದೆ. ಕೆಲವು ದಿನಗಳ ತರುವಾಯ ಚುಕ್ಕೆಗಳು ಮಾಯವಾಗುತ್ತವೆ. ಮೀನು ಗುಣವಾಯಿತೆಂದು ನಾವು ಹಿಗ್ಗುವ ಆ ಹೊತ್ತಿನಲ್ಲಿ ಜೀವಿಯು ಮೀನನ್ನು ಬಿಟ್ಟು ಕೆಳಗಿಳಿದು, ಮರಳಿನಲ್ಲೋ ಬಂಡೆಯಲ್ಲೋ ಕೋಶ ಕಟ್ಟಿಕೊಂಡು ವಿಭಜನೆಗೊಳ್ಳುತ್ತಿರುತ್ತದೆ. ಒಂದೊಂದು ಕೋಶದಿಂದ ನೂರಾರು ಮರಿಗಳು ಹೊರಬರುತ್ತವೆ. ಅವು ಒಂದೆರಡು ದಿನಗಳೊಳಗೆ ಮೀನನ್ನು ಸೇರಬೇಕು, ಇಲ್ಲವಾದರೆ ಸಾಯುತ್ತವೆ.

ನಮ್ಮ ಕಥೆಯ ಮನೆಯವರು ಮಾಡುತ್ತಿದ್ದುದೇನೆಂಬುದು ಈಗ ಸ್ಪಷ್ಟವಾಗುತ್ತದೆ. ಸತ್ತ ಮೀನಿನ ಸ್ಥಾನಕ್ಕೆ ಹೊಸ ಮೀನನ್ನು ತಂದಾಗಲೆಲ್ಲ ಅವರು ಈ ಜೀವಿಗೆ ಹೊಸ ಊಟವನ್ನು ಬಡಿಸುತ್ತಿದ್ದರು. ಸರಪಣಿಯನ್ನು ಕಡಿಯುವ ಉಪಾಯವೊಂದೇ: ಉಳಿದ ಮೀನುಗಳನ್ನೆಲ್ಲ ಬೇರೆ ಪಾತ್ರೆಗೆ ಒಯ್ದು ಚಿಕಿತ್ಸೆ ಮಾಡುತ್ತ, ಮೂಲ ತೊಟ್ಟಿಯನ್ನು ಮೀನಿಲ್ಲದೆ ಹತ್ತು ಹನ್ನೊಂದು ವಾರಗಳವರೆಗೆ ಬಿಡಬೇಕು. ಕೆಲವು ಕೋಶಗಳು ತಡವಾಗಿ ಒಡೆಯುವುದರಿಂದ ಇಷ್ಟು ದೀರ್ಘ ಕಾಲ ಬೇಕು. ಸಿಗಡಿ, ಬಸವನಹುಳುಗಳು ಅಲ್ಲಿಯೇ ಇರಬಹುದು; ಈ ಜೀವಿಯು ಅವುಗಳ ಮೇಲೆ ಬಾಳಲಾರದು.

ಮೈಲುತುತ್ತು: ಮದ್ದೂ ಹೌದು, ವಿಷವೂ ಹೌದು

ಈ ರೋಗದ ಹಳೆಯ ಮದ್ದು ತಾಮ್ರ. ಪ್ರತ್ಯೇಕ ಪಾತ್ರೆಯಲ್ಲಿ, ಲೀಟರಿಗೆ ೦.೧೫ರಿಂದ ೦.೨೦ ಮಿಲಿಗ್ರಾಂ ಕರಗಿದ ತಾಮ್ರವನ್ನು ಎರಡು ಮೂರು ವಾರ ಕಾಯ್ದುಕೊಂಡು, ನಿತ್ಯವೂ ಅಳೆದು ನೋಡುತ್ತ ಚಿಕಿತ್ಸೆ ಮಾಡುವುದು ರೂಢಿ. ಪ್ರಮಾಣ ತುಸು ಇಳಿದರೆ ರೋಗ ಹೋಗದು. ತುಸು ಏರಿದರೆ ಮೀನೇ ಹೋಗುತ್ತದೆ. ಬಂಡೆ, ಸಿಗಡಿಗಳಿರುವ ತೊಟ್ಟಿಗಂತೂ ಇದನ್ನು ಹಾಕಲೇಬಾರದು. ಬೆನ್ನುಮೂಳೆಯಿಲ್ಲದ ಕಡಲ ಜೀವಿಗಳಿಗೆ ಅತ್ಯಲ್ಪ ತಾಮ್ರವೂ ಮಾರಕ. ಬಂಡೆಯು ಹೀರಿಕೊಂಡ ತಾಮ್ರವು ಮುಂದೆ ಮೆಲ್ಲಮೆಲ್ಲನೆ ಹೊರಬರುತ್ತದೆ.

ಅರಂತೋಡಿನಂತಹ ಅಡಕೆಯ ನಾಡಿನಲ್ಲಿ ಈ ಮಾತಿಗೆ ವಿಶೇಷ ಮಹತ್ವವಿದೆ. ಕೊಳೆರೋಗ ಅಥವಾ ಮಹಾಳಿಯನ್ನು ತಡೆಯಲು ಮಳೆಗಾಲದಲ್ಲಿ ಅಡಕೆಯ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದನ್ನು ಎಲ್ಲರೂ ಕಂಡಿದ್ದಾರೆ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ೧೯೧೦ರಲ್ಲಿ ಈ ರೋಗದ ಕುರಿತು ತನ್ನ ಅಧ್ಯಯನವನ್ನು ಪ್ರಕಟಿಸಿದ ಕಾಲದಿಂದಲೂ ನಮ್ಮ ತೋಟಗಳನ್ನು ಕಾಯುತ್ತ ಬಂದ ಮದ್ದು ಇದು. ನೂರು ಲೀಟರು ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತು, ಒಂದು ಕಿಲೋಗ್ರಾಂ ಸುಣ್ಣ—ಇದು ಶೇಕಡಾ ಒಂದರ ದ್ರಾವಣ. ಮೈಲುತುತ್ತಿನ ತೂಕದಲ್ಲಿ ಸುಮಾರು ಕಾಲು ಪಾಲು ತಾಮ್ರ. ಆದುದರಿಂದ ಒಂದು ಲೀಟರು ದ್ರಾವಣದಲ್ಲಿ ಸುಮಾರು ೨.೫ ಗ್ರಾಂ ತಾಮ್ರವಿರುತ್ತದೆ.

ಈಗ ಒಂದು ಚಿಕ್ಕ ಗಣಿತ. ನೂರು ಲೀಟರಿನ ತೊಟ್ಟಿಯಲ್ಲಿ ಲೀಟರಿಗೆ ೦.೨ ಮಿಲಿಗ್ರಾಂ ತಾಮ್ರವಿರಲು ಒಟ್ಟು ಬೇಕಾದುದು ೨೦ ಮಿಲಿಗ್ರಾಂ. ಅಷ್ಟು ತಾಮ್ರವು ಕೇವಲ ೮ ಮಿಲಿಲೀಟರು ಬೋರ್ಡೋ ದ್ರಾವಣದಲ್ಲಿ, ಅಂದರೆ ಒಂದೂವರೆ ಚಮಚೆಯಲ್ಲಿ ಇದೆ! ಸುಣ್ಣ ಸೇರಿದ್ದರಿಂದ ಅದರ ಬಹುಪಾಲು ಕರಗದ ರೂಪದಲ್ಲಿರುವುದು ನಿಜ. ಆದರೂ ತೋಟಕ್ಕೆ ಮದ್ದು ಬಿಟ್ಟ ಕೈಯನ್ನು ತೊಟ್ಟಿಗೆ ಅದ್ದುವುದು, ಮದ್ದು ಕದಡಿದ ಬಕೆಟ್ಟಿನಲ್ಲಿ ಉಪ್ಪುನೀರನ್ನು ಕಲಸುವುದು, ಸಿಂಪಡಣೆಯ ದಿನಗಳಲ್ಲಿ ತೋಟದೊಳಗಿನ ತೆರೆದ ಬಾವಿಯ ನೀರನ್ನು ಬಳಸುವುದು—ಇವೆಲ್ಲ ಅಪಾಯಕರ. ತಾಮ್ರದ ಹಂಡೆಯೂ ಹಿತ್ತಾಳೆಯ ಕೊಡಪಾನವೂ ಈ ಕೆಲಸಕ್ಕೆ ಸಲ್ಲವು. ತೊಟ್ಟಿಗೆಂದೇ ಮೀಸಲಾದ ಪ್ಲಾಸ್ಟಿಕ್ ಬಕೆಟ್ಟು ಮನೆಯಲ್ಲಿರಲಿ.

ಸಾವಿನ ಕ್ರಮವೇ ಸಾಕ್ಷಿ

ಮೇಲಿನದನ್ನೆಲ್ಲ ಹೀಗೆ ಸಂಗ್ರಹಿಸಬಹುದು. ತಂದ ಒಂದೆರಡು ದಿನಗಳಲ್ಲೇ ಮೀನು ಸತ್ತರೆ ಸಾಗಣೆಯ ಆಯಾಸವನ್ನೂ ಚೀಲದ ನೀರಿಗೂ ತೊಟ್ಟಿಯ ನೀರಿಗೂ ಇದ್ದ ಉಪ್ಪಿನ, ಉಷ್ಣತೆಯ ಅಂತರವನ್ನೂ ಪರಿಶೀಲಿಸಬೇಕು. ಹೊಸದಾಗಿ ಹೂಡಿದ ಅಥವಾ ಪೂರ್ತಿ ತೊಳೆದ ತೊಟ್ಟಿಯಲ್ಲಿ ಮೀನುಗಳು ಏದುಸಿರು ಬಿಡುತ್ತ ಕೆಲವು ದಿನಗಳಲ್ಲಿ ಸತ್ತರೆ ಅಮೋನಿಯ. ವಿದ್ಯುತ್ತು ಹೋದ ಇರುಳಿನ ಮುಂಜಾವಿನಲ್ಲಿ ಎಲ್ಲವೂ ನೀರಿನ ಮೇಲ್ಮೈಗೆ ಬಾಯಿಟ್ಟು, ದೊಡ್ಡ ಮೀನು ಮೊದಲು ಸತ್ತರೆ ಆಮ್ಲಜನಕದ ಕೊರತೆ. ಹೊಸ ಮೀನು ಬಂದ ಒಂದೆರಡು ವಾರಗಳಲ್ಲಿ ಚುಕ್ಕೆಗಳು ಕಂಡು, ಮರೆಯಾಗಿ, ಹೆಚ್ಚಾಗಿ ಮರಳಿದರೆ ಪರೋಪಜೀವಿ. ಮೀನುಗಳು ಬದುಕಿದ್ದು ಸಿಗಡಿ, ಬಸವನಹುಳುಗಳು ಮೊದಲು ಸತ್ತರೆ ತಾಮ್ರವನ್ನು ಶಂಕಿಸಬೇಕು.

ಇದನ್ನು ತಿಳಿಯಲು ದುಬಾರಿಯ ಉಪಕರಣಗಳು ಬೇಡ. ಉಷ್ಣಮಾಪಕ, ಉಪ್ಪನ್ನು ಅಳೆಯುವ ಸಾಂದ್ರತಾಮಾಪಕ, ಅಮೋನಿಯ ಮತ್ತು ನೈಟ್ರೈಟ್‌ಗಳ ಪರೀಕ್ಷಾ ದ್ರಾವಣಗಳು, ಒಂದು ನೋಟುಪುಸ್ತಕ—ಇಷ್ಟು ಸಾಕು. ದಿನಾಂಕ, ಅಳತೆಗಳು, ಕಂಡ ಲಕ್ಷಣಗಳನ್ನು ಬರೆದಿಡಬೇಕು. ಕಾರಣ ತಿಳಿಯುವವರೆಗೆ ಹೊಸ ಮೀನನ್ನು ತರಕೂಡದು. ಮುಂದೆ ತರುವ ಪ್ರತಿಯೊಂದು ಮೀನನ್ನೂ ಕನಿಷ್ಠ ನಾಲ್ಕು ವಾರ ಪ್ರತ್ಯೇಕ ಪಾತ್ರೆಯಲ್ಲಿರಿಸಿ ನೋಡಬೇಕು.

ಈ ಎಚ್ಚರವು ಹಣದ ಉಳಿತಾಯಕ್ಕಾಗಿ ಮಾತ್ರವಲ್ಲ. ಸಿಹಿನೀರಿನ ಅಲಂಕಾರದ ಮೀನುಗಳಲ್ಲಿ ಹೆಚ್ಚಿನವು ಸಾಕಣೆಯಲ್ಲಿ ಹುಟ್ಟಿದವು; ಕಡಲ ಮೀನುಗಳಲ್ಲಿ ಬಹಳಷ್ಟನ್ನು ಇಂದಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತರಲಾಗುತ್ತದೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ನಮ್ಮ ಕರ್ನಾಟಕದಲ್ಲಿಯೂ ಹವಳಗಳಿವೆ. ಕಲ್ಲುಹವಳಗಳನ್ನು ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಅವುಗಳನ್ನು ಕಿತ್ತು ತಂದು ಮನೆಯಲ್ಲಿಡುವುದು ಅಪರಾಧ. ಮನೆಯ ತೊಟ್ಟಿಗೆ ಸುಟ್ಟ ಮಣ್ಣಿನ ಅಥವಾ ಹದಗೊಳಿಸಿದ ಸಿಮೆಂಟಿನ ಕೃತಕ ಬಂಡೆಯೇ ಸಾಕು; ಬ್ಯಾಕ್ಟೀರಿಯಗಳು ಅದರಲ್ಲಿಯೂ ಮನೆ ಮಾಡುತ್ತವೆ. ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ದೇಶದಲ್ಲಿ ಸಾಧಿಸಿದ್ದಾರೆ. ಹಾಗೆ ಹುಟ್ಟಿದ ಮೀನು ತೊಟ್ಟಿಯ ಬಾಳಿಗೆ ಒಗ್ಗಿರುತ್ತದೆ. ಅದಕ್ಕಾಗಿ ಕಡಲಿನಲ್ಲಿ ಒಂದು ಜಾಗ ಬರಿದಾಗುವುದೂ ಇಲ್ಲ.

ತೊಡಿಕಾನದ ಮೀನುಗಳಿಗೆ ಬೇಕಾದುದನ್ನೆಲ್ಲ ಹೊಳೆಯೇ ಒದಗಿಸುತ್ತದೆ. ತೊಟ್ಟಿಯ ಮೀನುಗಳಿಗೆ ಆ ಹೊಳೆಯ ಕೆಲಸವನ್ನು, ಕಡಲಿನ ಕೆಲಸವನ್ನು, ನಾವು ಮಾಡಬೇಕು. ಅಷ್ಟು ತಾಳ್ಮೆಯುಳ್ಳವರು ಮೊದಲ ತಿಂಗಳು ಬರಿಯ ನೀರು, ಬಂಡೆಗಳನ್ನಷ್ಟೇ ನೋಡುತ್ತ ಕಾಯಲಿ. ಮೀನು ಆಮೇಲೆ ಬರಲಿ.